ಧೋಂಡಿಬಾನನ್ನು ಕಲ್ಲಿಗೆ ಏರಿಸಲು ಹೊರಟ ಮಳೆಗಾಲ

ಹೋದ ತಿಂಗಳು ಮನೆಯ ಅಡಿಗೆ ಕಟ್ಟೆಗೆ ಕಲ್ಲು ಕೊಯ್ಯಿಸಲು ಬೆಳಗಾವಿ ಹತ್ತಿರದ ಮಚ್ಛೆಯ ಕಲ್ಲಿನ ಕಾರಖಾನೆಗೆ ಹೋಗಿದ್ದೆ. ಗ್ರಾನೈಟ್ ಕೊಯ್ಯುವ ಗರಗಸದ ಮೇಲೆ ನೀರು ಬಿಡುತ್ತಾರಲ್ಲ, ಆಗ ಕಲ್ಲಿನ ಪುಡಿ ನೆಂದು ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನಂತೆ ಹಿತವಾದದ್ದಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗ ಬಾಯಿಗೆ ತುಂಬಿಕೊಳ್ಳುವಂಥದ್ದು. ಹೆಂಡತಿ ಕಸ್ತೂರಿ ಕಪ್ಪು ಕಲ್ಲು ಹಾಕಿಸೋಣವೋ ಕಂದು ಕಲ್ಲು ಹಾಕಿಸೋಣವೋ ಎಂದು ಕೇಳುತ್ತಿದ್ದಳು. ಯಾವುದಾದರೂ ಆಗಲಿ ಅಂದೆ.

"ಮನಿ ಕೆಲಸ ಅಂದ್ರ ನಿಮಗ ಯಾವಾಗ್ಲೂ ಯಾವುದಾದ್ರೂ ಆಗ್ತೈತಿ. ಪುಸ್ತಕದ ರಟ್ಟಿನ ಬಣ್ಣ ಆಗಿದ್ರ ಎಂಟ ದಿನ ವಿಚಾರ ಮಾಡ್ತಿದ್ರಿ" ಅಂದಳು.

ನಾನು ಗರಗಸವನ್ನೇ ನೋಡುತ್ತಿದ್ದೆ. ಅದೇ ಕಾರಖಾನೆಯಲ್ಲಿ, ಅದೇ ಗರಗಸದ ಕೆಳಗೆ, ಮೂರು ವರ್ಷದ ಹಿಂದೆ ಖಾನಾಪುರ ತಾಲೂಕಿನ ಒಂದು ಹಳ್ಳಿಯ ಯುದ್ಧಸ್ಮಾರಕದ ಕಲ್ಲು ತಯಾರಾಗಿತ್ತು. ಅದರ ಮೇಲೆ ಒಬ್ಬನ ಹೆಸರು ಇರಬೇಕೋ ಬೇಡವೋ ಎಂಬ ಒಂದೇ ಮಾತಿನಲ್ಲಿ ನನ್ನ ಆ ಇಡೀ ಮಳೆಗಾಲ ಹೋಗಿತ್ತು. ಆ ಒಬ್ಬನ ಮಗಳು, ನಾನು ಆಯಿ ಎಂದು ಕರೆಯುತ್ತಿದ್ದ ಯಶೋದಾಬಾಯಿ, ಈಗಿಲ್ಲ.

ನಾನು ಐತಿಹಾಸಿಕ ಕಾದಂಬರಿ ಬರೆಯುವವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಬೆಳಗಾವಿಯ ನೇಕಾರರ ಪೇಟೆ ವಡಗಾವಿಯ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತಲು ಕೂತವನು. ಇದನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಪುಸ್ತಕಗಳ ಹಿಂದಿನ ರಟ್ಟಿನ ಮೇಲೆ ನಾನೇ ಹೇಳಿ ಹಾಕಿಸಿದ್ದೇನೆ. ಹಳೆಯ ಮರಾಠಿ ಕಾಗದಪತ್ರಗಳ ಮೋಡಿ ಲಿಪಿಯನ್ನು ಯಾರ ಹಂಗಿಲ್ಲದೆ ಕಲಿತೆ. ಈಗ ಸ್ವಂತದ ಎರಡು ಪವರ್‌ಲೂಮ್ ಇವೆ. ನಸುಕಿನಲ್ಲಿ ಎದ್ದು, ಗಲ್ಲಿಯ ಮಗ್ಗಗಳು ಖಟಖಟ ಶುರು ಮಾಡುವವರೆಗೆ ಬರೆಯುತ್ತೇನೆ. ಆಮೇಲೆ ನೂಲು, ಲಾಳಿ, ಎಣ್ಣೆ. ಕರೆಂಟ್ ಹೋದರೆ ಗಲ್ಲಿಗೆ ಗಲ್ಲಿಯೇ ಬೈಯುತ್ತದೆ, ನಾನು ಮಾತ್ರ ಪೆನ್ನು ಹುಡುಕುತ್ತೇನೆ. ನನ್ನ ಪುಸ್ತಕಗಳ ಅರ್ಧ ಭಾಗ ಕರೆಂಟ್ ಹೋದ ಹೊತ್ತಿನಲ್ಲಿ ಬರೆದದ್ದು.

ಇಂಥ ಪುಸ್ತಕ ಬರೆಯುವವನಿಗೆ ಸಾವು ಅಗ್ಗ. ಕೋಟೆಗೆ ಮುತ್ತಿಗೆ ಹಾಕಿಸಿ, ಒಂದು ಪುಟದಲ್ಲಿ ಐನೂರು ಜನರನ್ನು ಕೆಡವಿ, ಚಹಾ ಕುಡಿದು ಮಗ್ಗದ ಮುಂದೆ ನಿಂತಿದ್ದೇನೆ. ಸತ್ತವರಿಗೆ ಹೆಸರು ಕೊಟ್ಟರೆ ಮುಗಿಯಿತು, ಅವರು ಉಳಿದರು ಎಂದು ನಂಬಿದ್ದೆ. ನಮ್ಮ ಬೆಳಗಾವಿಯಲ್ಲಿ ಯುದ್ಧವನ್ನು ನೆನೆಯುವುದಕ್ಕೆ ಕಡಿಮೆಯಿಲ್ಲ. ಮಿಲಿಟರಿ ಕ್ಯಾಂಪಿನ ಕಡೆಯಿಂದ ಬೆಳಿಗ್ಗೆ ಕಹಳೆ ಕೇಳುತ್ತದೆ. ಗಡಿಯಲ್ಲಿ ಯಾರಾದರೂ ಸತ್ತರೆ ಚೌಕದಲ್ಲಿ ಆಳೆತ್ತರದ ಫ್ಲೆಕ್ಸ್ ಏಳುತ್ತದೆ, ಮೆರವಣಿಗೆ, ಘೋಷಣೆ. ಒಂದು ತಿಂಗಳಾದ ಮೇಲೆ ಅದೇ ಫ್ಲೆಕ್ಸ್ ನಮ್ಮ ಗಲ್ಲಿಯ ಒಂದು ಮಗ್ಗದ ಮನೆಯ ಸೋರುವ ತಗಡಿನ ಕೆಳಗೆ ಕಟ್ಟಿದ್ದನ್ನು ಕಂಡಿದ್ದೇನೆ. ಹುಡುಗನ ಮುಖ ಒಳಗಡೆಗೆ ಬಂದಿತ್ತು, ನೂಲಿನ ಮೂಟೆಗಳನ್ನು ನೋಡುತ್ತಿತ್ತು. ಮಾಲೀಕ ಕೆಟ್ಟವನಲ್ಲ. "ದಪ್ಪ ಮಾಲ್ ಐತ್ರಿ, ಹನಿ ನೀರ ಇಳಿಯಂಗಿಲ್ಲ" ಅಂದಿದ್ದ.

ಹೀಗಿರುವಾಗ ಆ ವರ್ಷದ ಮಳೆ ಹಿಡಿಯುವ ಮುಂಚೆ ಸುಬೇದಾರ್ ಮಾರುತಿರಾವ್ ನನ್ನ ಮನೆಗೆ ಬಂದರು. ಫೌಜಿನಿಂದ ನಿವೃತ್ತರಾಗಿ ಖಾನಾಪುರದ ಆಚೆ ತಮ್ಮ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದವರು. ಅವರ ಹಳ್ಳಿಯಿಂದ ಎರಡು ಮಹಾಯುದ್ಧಗಳಿಗೂ ಆಮೇಲಿನ ಯುದ್ಧಗಳಿಗೂ ಹೋಗಿ ಸತ್ತವರ ಹೆಸರುಗಳನ್ನು ಒಂದು ಕಲ್ಲಿನ ಮೇಲೆ ಕೆತ್ತಿಸಿ ಆಗಸ್ಟ್ ಹದಿನೈದಕ್ಕೆ ನಿಲ್ಲಿಸಬೇಕು. ಹಳೆಯ ಹೆಸರು ಹುಡುಕುವ ಕೆಲಸ ನನ್ನದು.

"ಮಾಸ್ತರ, ಊರಾಗ ಕೇಳಿದ್ರ ಒಬ್ಬರು ಒಂದ ಹೇಳ್ತಾರ. ನೀವು ಖಾತ್ರಿ ಮಾಡಿಕೊಡ್ರಿ" ಅಂದರು.

"ನಾ ಮಾಸ್ತರ ಅಲ್ರಿ, ಸಾಲಿ ಬಿಟ್ಟಾವ."

"ಅದಕ ಮಾಸ್ತರ ಅನ್ನೂದು. ಸಾಲಿ ಮಾಸ್ತರ್‌ಗೆ ಕೇಳಿದ್ರ ಸುಟಿ ಇಲ್ಲ ಅಂದ್ರು."

ಹೋಗತೊಡಗಿದೆ. ನಾನು ಬರೆಯಬೇಕೆಂದಿದ್ದ ಮುಂದಿನ ಕಾದಂಬರಿಯೂ ಇಂಥ ಒಬ್ಬ ಸಿಪಾಯಿಯ ಮೇಲೆಯೇ ಇತ್ತು. ಒಂದೇ ಬಸ್ಸಿನಲ್ಲಿ ಎರಡು ಕೆಲಸ. ವಾರಕ್ಕೊಮ್ಮೆ ಮಗ್ಗ ನಿಲ್ಲಿಸಿ ಖಾನಾಪುರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು. ಖಾನಾಪುರ ದಾಟಿದರೆ ಮಳೆಯ ಜಾತಿಯೇ ಬೇರೆ. ಬೆಳಗಾವಿಯಲ್ಲಿ ಅದು ಬಂದು ಹೋಗುತ್ತದೆ. ಅಲ್ಲಿ ಬಂದು ಕೂಡುತ್ತದೆ. ಗದ್ದೆಗಳಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರು ಬಗ್ಗಿ ಭತ್ತ ನೆಡುತ್ತಿದ್ದರು. ನಾನು ಮನೆಮನೆಗೆ ಹೋಗಿ ಒದ್ದೆ ಚಪ್ಪಲಿ ಹೊರಗೆ ಬಿಟ್ಟು ಕೂಡುತ್ತಿದ್ದೆ. ಅವರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತಮ್ಮ ಸತ್ತವರನ್ನು ಹೇಳುತ್ತಿದ್ದರು. ಹೆಚ್ಚಿನವರಿಗೆ ಗೊತ್ತಿದ್ದುದು ಅಜ್ಜನ ಹೆಸರು, ಒಂದು ಪದಕ, ದೇಶದ ಹೆಸರು ಎಂದು ಅವರು ನಂಬಿದ್ದ ಒಂದು ಶಬ್ದ, ಅಷ್ಟೇ.

ಧೋಂಡಿಬಾನ ಹೆಸರು ಮಾತ್ರ ಯಾರೂ ಹೇಳಲಿಲ್ಲ. ಒಂದು ಮನೆಯಲ್ಲಿ ಮಾತಿಗೆ ಮಾತು ಬಂದು, "ಅವ ಸತ್ತಿಲ್ಲ, ಹೋಗ್ಯಾನ" ಅಂದರು. ವಿಚಾರಿಸಿದಾಗ ಗೊತ್ತಾಯಿತು: ಎರಡನೆಯ ಮಹಾಯುದ್ಧಕ್ಕೆ ಹೋದವನು. ಹೋಗುವಾಗ ಹೆಂಡತಿ ರಖಮಾ ಬಸುರಿ. ಇಟಲಿಯಲ್ಲಿ ಕಾಣೆಯಾಗಿದ್ದಾನೆ ಎಂದು ತಾರು ಬಂತು, ಆಮೇಲೆ ಏನೂ ಬರಲಿಲ್ಲ. ಆಗ ಹೊಟ್ಟೆಯಲ್ಲಿದ್ದ ಮಗಳೇ ಈ ಯಶೋದಾಬಾಯಿ. ಎಂಬತ್ತರ ಹತ್ತಿರ ಇದ್ದರು. ತವರುಮನೆಯಲ್ಲೇ, ಮಗ ಸೊಸೆಯ ಜೊತೆ. ಮೊದಲ ದಿನವೇ ನನ್ನನ್ನು ಒಳಗೆ ಕರೆದು ಒಲೆಯ ಹತ್ತಿರ ಕೂಡಿಸಿ, "ನೀವು ಎಲ್ಲಾರ ಮನಿ ಸತ್ತವರನ್ನ ಕೇಳಾಕತ್ತೀರಂತ. ನಮ್ಮ ಮನ್ಯಾಗ ಯಾರೂ ಇಲ್ಲ, ಚಾ ಐತಿ, ಕುಡೀರಿ" ಅಂದಿದ್ದರು.

ನನಗೆ ಹಟ ಹತ್ತಿತು. ಇಟಲಿಯಲ್ಲಿ ನರ್ಸ್ ಆಗಿರುವ ಖಾನಾಪುರದ ಹುಡುಗಿಯೊಬ್ಬಳ ಮನೆಯವರನ್ನು ಹಿಡಿದು, ಅವಳಿಂದ ಅಲ್ಲಿನ ಸೈನಿಕರ ಸ್ಮಶಾನದ ಒಂದು ಗೋಡೆಯ ಫೋಟೋ ತರಿಸಿಕೊಂಡೆ. ಹೆಣ ಸಿಗದ ನಮ್ಮ ಕಡೆಯ ಸಿಪಾಯಿಗಳ ಹೆಸರುಗಳು ಅದರ ಮೇಲಿವೆ. ಮೊಬೈಲಿನ ಪರದೆಯನ್ನು ಹಿಗ್ಗಿಸಿ ಹಿಗ್ಗಿಸಿ ಹುಡುಕಿದೆ, ಧೋಂಡಿಬಾ ಇದ್ದ. ಆ ಹುಡುಗಿ ಅಲ್ಲಿಯ ದಫ್ತರಿನಲ್ಲಿ ಕೇಳಿದಾಗ ತಂದೆಯ ಹೆಸರೂ ಊರೂ ಕೂಡಿದವು. ಒಂದು ನದಿ ದಾಟುವಾಗ ಸತ್ತವರಲ್ಲಿ ಒಬ್ಬ. ಇಷ್ಟು ವರ್ಷ ಸರಕಾರಕ್ಕೂ ಊರಿಗೂ ಆಗದ್ದನ್ನು ವಡಗಾವಿಯ ಒಬ್ಬ ನೇಕಾರ ಮಾಡಿದ ಎಂದು ನನ್ನ ಎದೆ ಉಬ್ಬಿತ್ತು. ಮರುದಿನ ಮಗ್ಗ ನಿಲ್ಲಿಸಿ, ಅರ್ಧ ಕಿಲೋ ಕುಂದಾ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

"ಆಯಿ, ನಿಮ್ಮ ಅಪ್ಪನ ಹೆಸರ ಸಿಕ್ತು" ಅಂದೆ.

"ಹೆಸರ ಎಲ್ಲೆ ಕಳದಿತ್ತು? ನನಗ ಬಾಯಿಪಾಠ ಐತಿ."

ಫೋಟೋ ತೋರಿಸಿ, ಗೋಡೆಯ ಸಂಗತಿ, ನದಿಯ ಸಂಗತಿ ಎಲ್ಲ ಹೇಳಿದೆ. ಅವರಿಗೆ ಓದು ಬಾರದು. ನಾನು ಬೆರಳಿಟ್ಟ ಜಾಗವನ್ನು ನೋಡಿ, ಮೊಬೈಲನ್ನು ನನಗೇ ಕೊಟ್ಟರು. ಕುಂದಾದ ಪೊಟ್ಟಣ ಇನ್ನೂ ನನ್ನ ತೊಡೆಯ ಮೇಲಿತ್ತು.

"ಅದೇನ್ರಿ ಕೈಯಾಗ?"

"ಕುಂದಾ, ಆಯಿ."

"ಸತ್ತ ಸುದ್ದಿಗೆ ಸಿಹಿ ತಂದೀರಿ?"

ಸಿಟ್ಟಿನಿಂದ ಕೇಳಿದ ಮಾತಲ್ಲ. ಆದರೂ ಆ ಪೊಟ್ಟಣವನ್ನು ಕೆಳಗಿಡಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಸೊಸೆ ಬಂದು ಅದನ್ನು ಒಳಗೆ ಒಯ್ದಳು. ನಾನು ಕಲ್ಲಿನ ಮಾತು ಎತ್ತಿದೆ. ಸುಬೇದಾರರಿಗೆ ಆಗಲೇ ಹೇಳಿಬಿಟ್ಟಿದ್ದೆ, ಅವರೂ ಹಿಗ್ಗಿದ್ದರು. ಆಯಿ ಕೇಳಿಸಿಕೊಂಡು, "ಬ್ಯಾಡ" ಅಂದರು.

"ಯಾಕ್ರಿ ಆಯಿ? ಪರದೇಶದವರು ಬರದಾರ. ಹುಟ್ಟಿದ ಊರಾಗ ಬ್ಯಾಡೇನು?"

"ಪರದೇಶದಾಗ ನಮ್ಮವ್ವನ್ನ ಬಲ್ಲವರು ಯಾರದಾರ?"

ಆಮೇಲೆ ಹೇಳಿದರು. ತಾರು ಬಂದು ವರ್ಷವಾದ ಮೇಲೆ ರಖಮಾಳ ಬಳೆ ಒಡೆಯಬೇಕು ಎಂದು ಮನೆಯ ಹಿರಿಯರು ಕೂತರು. ರಖಮಾ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದನದ ಕೊಟ್ಟಿಗೆಯಲ್ಲಿ ನಿಂತಳು. ಅವನ ಹೆಣ ತಂದು ತೋರಿಸಿ, ಆಮೇಲೆ ನಾನೇ ಒಡೆದುಕೊಳ್ಳುತ್ತೇನೆ ಅಂದಳು. ಪೆನ್ಶನ್ ಕಾಗದ ಬಂದಾಗ ವಿಧವೆ ಎಂದು ಹೆಬ್ಬೆಟ್ಟು ಒತ್ತಲಿಲ್ಲ. ಊರವರ ಗದ್ದೆಯಲ್ಲಿ ನಾಟಿ ಮಾಡಿ ಮಗಳನ್ನು ಬೆಳೆಸಿದಳು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಅರ್ಧ ಊರು ಕರೆಯುತ್ತಿತ್ತು, ಅರ್ಧ ಊರು ಕರೆಯುತ್ತಿರಲಿಲ್ಲ.

"ಕರದವರೂ ಏನ ಮಾಡ್ತಿದ್ರು ಗೊತ್ತೇನ್ರಿ? ನಮ್ಮವ್ವ ಹಚ್ಚಿದ ಕುಂಕುಮಾನ ಆಕಿ ಹೊಳ್ಳಿದ ಕೂಡ್ಲೇ ಸೆರಗಲೆ ಒರಸಿಕೊಳ್ತಿದ್ರು. ನಾ ಸಣ್ಣಾಕಿ, ಹಿಂದ ಹಿಂದ ಹೋಗ್ತಿದ್ನಿ. ಆಕಿಗೆ ಕಾಣ್ತಿದ್ದಿಲ್ಲ, ನನಗ ಕಾಣ್ತಿತ್ತು."

ರಖಮಾ ಮುಪ್ಪಿನಲ್ಲಿ ಸತ್ತಾಗ ಮುತ್ತೈದೆಯೆಂದು ಕಳಿಸುವುದೋ ವಿಧವೆಯೆಂದೋ ಎಂದು ಅಂಗಳದಲ್ಲಿ ಜಗಳವಾಯಿತು. ಹೆಣ ಮಳೆಯಲ್ಲಿ ಕಾಯಿತು. ಯಶೋದಾಬಾಯಿ ಯಾರ ಮಾತನ್ನೂ ಕೇಳದೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಕಳಿಸಿದರು.

"ಈಗ ನೀವು ಕಲ್ಲಮ್ಯಾಲ ಅಪ್ಪನ ಹೆಸರ ಬರದು ಬಾಜೂಕ ಇಸವಿ ಹಾಕಿದ್ರ, ಕೂತ ಲೆಕ್ಕಾ ಮಾಡ್ತಾರ. ಇಷ್ಟ ವರ್ಷ ರಖಮಾ ಸುಳ್ಳ ಕುಂಕುಮ ಹಚ್ಚಿಕೊಂಡ ತಿರಗ್ಯಾಡಿದ್ಲು ಅಂತಾರ."

"ಆ ಹೆಂಗಸರೆಲ್ಲಾ ಯಾವಾಗೋ ಹೋದ್ರಲ್ಲ ಆಯಿ."

"ಅವರ ಸೊಸ್ತೇರ ಅದಾರಲ್ಲ."

ನಾನು ಮೆಲ್ಲಗೆ ಅಂದೆ: "ಆಯಿ, ಅವರು ಇದ್ದಿದ್ರ ಈಗ ನೂರು ದಾಟಿರತಿತ್ತು."

"ನನಗೇನ ಹುಚ್ಚ ಹಿಡದಿಲ್ಲ ಮಾಸ್ತರ. ಸತ್ತಾನ ಅಂತ ನನಗೂ ಗೊತ್ತೈತಿ. ನಮ್ಮವ್ವಗೂ ಗೊತ್ತಿತ್ತು ಅಂತ ಅನಸ್ತೈತಿ. ಸತ್ತಿಲ್ಲ ಅನ್ನಾಕ ಹತ್ತಿಲ್ಲ ನಾ. ಬರೀಬ್ಯಾಡ್ರಿ ಅನ್ನಾಕ ಹತ್ತೀನಿ."

ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಕೇಳಿದರು: "ನಿಮ್ಮ ಪುಸ್ತಕದಾಗ ಏನ ಮಾಡ್ತೀರಿ ಅವನ್ನ?"

ನದಿಯ ಅಧ್ಯಾಯವನ್ನು ನಾನಾಗಲೇ ಬರೆದಿದ್ದೆ. ತಣ್ಣನೆಯ ನೀರು, ಆಚೆ ದಡದ ಗುಂಡು, ಮುಳುಗುವಾಗ ನಮ್ಮ ಕಡೆಯ ಒಂದು ಹಳ್ಳದ ನೆನಪು. ಚೆನ್ನಾಗಿ ಬಂದಿದೆ ಎಂದು ಅಭಿಮಾನಪಟ್ಟಿದ್ದೆ. ಬಸ್ಸಿಗೆ ಹೊತ್ತಾಯಿತೆಂದು ಆಯಿಗೆ ಹೇಳಿ ಚಪ್ಪಲಿ ಮೆಟ್ಟಿದೆ. ಬಸ್ಸಿನಲ್ಲಿ ಕೂತಾಗ ಆ ಸಾಲುಗಳು ಒಂದೊಂದಾಗಿ ನೆನಪಾಗಿ ಮೈ ಹೇಸಿತು. ಆ ಪುಸ್ತಕ ಇವತ್ತಿಗೂ ಮುಗಿದಿಲ್ಲ.

ಊರ ಸಮಿತಿ ಗುಡಿಯ ಕಟ್ಟೆಯ ಮೇಲೆ ಕೂಡುತ್ತಿತ್ತು. ಕಲ್ಲಿನ ಮೇಲೆ ಕನ್ನಡ ಮುಂದೋ ಮರಾಠಿ ಮುಂದೋ ಎಂದು ಮೊದಲ ಎರಡು ಸಭೆಗಳು ಹೋಗಿದ್ದವು. ಕೊನೆಗೆ ಕಲ್ಲಿನ ಎರಡೂ ಮೈ ಪಾಲಿಶ್ ಮಾಡಿಸಿ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ, ಮುಂದು ಯಾವುದು ಹಿಂದು ಯಾವುದು ಎಂದು ಯಾರೂ ಅನ್ನಬಾರದು ಎಂದು ತೀರ್ಮಾನವಾಗಿತ್ತು. ಮೂರನೆಯ ಸಭೆಗೆ ನಾನು ಹೋಗಿ, ಧೋಂಡಿಬಾನ ಹೆಸರು ಕೈಬಿಡಿ ಅಂದೆ.

ಸುಬೇದಾರರು ನನ್ನ ಕಡೆ ತಿರುಗಿದರು. "ಮಾಸ್ತರ, ಹುಡಿಕಿ ತಂದಾವರು ನೀವು. ಈಗ ಬ್ಯಾಡ ಅನ್ನಾವರೂ ನೀವು."

"ಮಗಳು ಬ್ಯಾಡ ಅಂತಾರ್ರಿ."

ಬದಿಗೆ ಕೂತಿದ್ದ ಒಬ್ಬ ತರುಣ ನಕ್ಕ. "ಕಲ್ಲಮ್ಯಾಲ ಎಲ್ಲಾರೂ ಪುಗಸಟ್ಟೆ ಓದಿಬಿಟ್ರ ಇವರ ಕಾದಂಬರಿ ಯಾರ ತಗೋತಾರ?"

"ನೀ ತಗೋತಿದ್ದಿ ಅಂತ ನಾ ಏನ ಕಾದ ಕೂತಿಲ್ಲೋ ತಮ್ಮಾ" ಅಂದೆ. ಸಿಟ್ಟು ಬಂದಿತ್ತು. ನನ್ನ ದುಡಿಮೆಯ ಫಲವನ್ನು ನಾನೇ ಕಿತ್ತು ಹಾಕುತ್ತಿದ್ದೆ, ಮೇಲೆ ಈ ಮಾತು.

ಸುಬೇದಾರರು ಅವನನ್ನು ಸುಮ್ಮನಿರಿಸಿದರು. "ನಾ ಹಿಮದಾಗಿಂದ ನಮ್ಮವರ ಹೆಣಾ ಹೊತ್ತ ತಂದೀನಿ. ಗುರತ ಹತ್ತಲಾರದ ಹೆಣಾನೂ ಹೊತ್ತೀನಿ. ಹೆಸರ ಇಲ್ಲದ ಸಾವು ಅಂದ್ರೇನಂತ ನನಗ ಹೇಳಬ್ಯಾಡ್ರಿ. ಬೇಕಾದ್ರ ಕೆಳಗ ಬ್ಯಾರೇ ಮಾಡಿ, ಕಾಣೆಯಾದವರು ಅಂತ ಹಾಕೂಣು."

ಆ ಮಾತನ್ನೂ ಒಯ್ದೆ. ಆಯಿ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. "ಕಾಣೆ ಆದಾವನ್ನ ಕಲ್ಲಮ್ಯಾಲ ಹುಡುಕಬ್ಯಾಡ್ರಿ ಅಂತ ಹೇಳ್ರಿ ಮಾರುತಿಗೆ. ಅವನ ಅವ್ವನೂ ಕುಂಕುಮ ಒರಸಿಕೊಂಡಾಕಿನ."

ಈ ಎರಡನೆಯ ವಾಕ್ಯವನ್ನು ನಾನು ಸುಬೇದಾರರಿಗೆ ಹೇಳಲಿಲ್ಲ. ಆದರೆ ಅವರಿಗೆ ಅದು ಗೊತ್ತಿತ್ತೇನೋ. ಮುಂದಿನ ಸಭೆಯಲ್ಲಿ ಅವರೇ ಅಂದರು, "ಮನೀ ಮಂದಿ ಬ್ಯಾಡಂದ್ರ ಬ್ಯಾಡ. ಆದ್ರ ಒಂದ ಹೇಳ್ತೀನಿ ಮಾಸ್ತರ. ಆ ಮುದಕಿ ಹೋದ ದಿನ ಅವ ಪೂರಾ ಹೋದ. ಅದು ನಿಮ್ಮ ಮ್ಯಾಲ ಇರ್ಲಿ."

ಮಚ್ಛೆಗೆ ನಾನೇ ಹೋಗಿ ಕೆತ್ತುವವನಿಗೆ ಪಟ್ಟಿಯಿಂದ ಆ ಹೆಸರನ್ನು ತೆಗೆಯಲು ಹೇಳಿ ಬಂದೆ. ಆಗ ಕಲ್ಲು ಇನ್ನೂ ಗರಗಸದ ಕೆಳಗಿತ್ತು. ಬೂದು ನೀರು ನೆಲದ ಮೇಲೆ ಹರಿಯುತ್ತಿತ್ತು.

ಆಗಸ್ಟ್ ಹದಿನೈದರಂದು ಮಳೆಯಲ್ಲೇ ಸಮಾರಂಭವಾಯಿತು. ಶಾಲೆಯ ಮಕ್ಕಳು ಒದ್ದೆ ಬಟ್ಟೆಯಲ್ಲಿ ನಿಂತು ಹಾಡಿದರು. ಸತ್ತವರ ಒಂದೊಂದು ಹೆಸರು ಕೂಗಿದಂತೆ ಆ ಮನೆಯವರು ಮುಂದೆ ಬಂದು ಶಾಲು ಹೊದ್ದು, ಕಲ್ಲಿನ ಬುಡದಲ್ಲಿ ಹೂವಿಟ್ಟು ಸರಿದರು. ಅಜ್ಜನ ಮುಖ ಹೋಗಲಿ, ಮುತ್ತಜ್ಜನ ಹೆಸರನ್ನೇ ಮೊದಲ ಸಲ ಕೇಳಿದ ಹುಡುಗರು ಎದೆ ಸೆಟೆಸಿ ನಿಂತರು. ಒಬ್ಬ ಹೆಂಗಸು ಅತ್ತಳು. ನನಗೂ ಶಾಲು ಹಾಕಿದರು, ನಾಲ್ಕು ಮಾತು ಆಡಿದೆ. ನೆನಪು, ತ್ಯಾಗ, ಮಣ್ಣಿನ ಋಣ. ಆಡುವಾಗಲೇ ಅವು ಯಾವ ಫ್ಲೆಕ್ಸಿನ ಮೇಲೆ ಓದಿದ ಮಾತುಗಳೆಂದು ಹೊಳೆಯುತ್ತಿತ್ತು. ಯಶೋದಾಬಾಯಿಯ ಮನೆಯಿಂದ ಯಾರೂ ಬಂದಿರಲಿಲ್ಲ. ಮಗ ಗದ್ದೆಗೆ ಹೋಗಿದ್ದಾನೆ ಅಂದರು.

ಗಣಪತಿ ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಮತ್ತೆ ಹೋದೆ, ಆಯಿಯನ್ನು ನೋಡಲೆಂದೇ. ಹೆಸರು ಕೆತ್ತಲಿಲ್ಲವೆಂದು ಅವರಿಗೆ ಸಮಾಧಾನವಾಗಿರಬೇಕು, ಅದನ್ನು ಒಮ್ಮೆ ಕಣ್ಣಾರೆ ಕಾಣಬೇಕು ಎಂಬ ಆಸೆ ನನಗಿತ್ತು. ಚಹಾ ಕೊಟ್ಟರು. ಆಮೇಲೆ ಕೋಲು ತೆಗೆದುಕೊಂಡು, "ನಡೀರಿ, ಕಲ್ಲ ತೋರಸ್ರಿ" ಅಂದರು.

"ನೀವು ಇನ್ನೂ ನೋಡಿಲ್ಲೇನು?"

"ಮಂದಿ ಇರ್ತಾರ. ಈಗ ಎಲ್ಲಾರೂ ಗದ್ದ್ಯಾಗ ಅದಾರ."

ಮಳೆ ಅಷ್ಟೊತ್ತಿಗೆ ನಿಂತಿತ್ತು. ಅವರ ಮೊಣಕೈ ಹಿಡಿದು ನಿಧಾನ ಕರೆದುಕೊಂಡು ಹೋದೆ. ಕಪ್ಪು ಕಲ್ಲು ನೀರು ಬಸಿಯುತ್ತ ನಿಂತಿತ್ತು. ಬುಡದಲ್ಲಿ ಕೊಳೆತ ಹೂವು. ಆಯಿ ಮೇಲಿನಿಂದ ಕೆಳಗೆ ನೋಡಿದರು. ಕೈಯಾಡಿಸಿದರು. ಯಾವುದು ಯಾರದು ಎಂದು ಕೇಳಿದರು, ಒಂದೊಂದೇ ಓದಿ ಹೇಳಿದೆ. ಒಬ್ಬ ಅವರ ಸೋದರಮಾವನಂತೆ. ಇನ್ನೊಬ್ಬನ ಹೆಂಡತಿ ಬಾವಿಗೆ ಬಿದ್ದು ಸತ್ತಳಂತೆ.

"ನಮ್ಮಪ್ಪಂದು ಎಲ್ಲೆ ಬರಬೇಕಿತ್ತು?"

ಹೆಸರುಗಳನ್ನು ಯುದ್ಧದ ಪ್ರಕಾರ ಹಾಕಿದ್ದರು. ಮಧ್ಯದ ಸಾಲಿನಲ್ಲಿ ಎರಡು ಹೆಸರುಗಳನ್ನು ತೋರಿಸಿ, "ಇವೆರಡರ ನಡುವ, ಆಯಿ" ಅಂದೆ.

ಅವರು ತೋರುಬೆರಳನ್ನು ಅಲ್ಲಿಟ್ಟರು. ಕೆತ್ತಿದವನು ಒಳ್ಳೆಯ ಕೆಲಸಗಾರ. ಒಂದು ಹೆಸರು ಕಡಿಮೆಯಾದದ್ದು ಎಲ್ಲಿಯೂ ತಿಳಿಯದಂತೆ ಮೇಲಿಂದ ಕೆಳಗಿನವರೆಗೆ ಎಲ್ಲ ಹೆಸರುಗಳನ್ನೂ ಸರಿಸಿ ಹೊಂದಿಸಿದ್ದ. ಆ ಎರಡರ ನಡುವೆ ಆಯಿಯ ಬೆರಳು ಕೂಡಲಿಲ್ಲ. ಮೇಲಿನ ಅಕ್ಷರವೂ ಕೆಳಗಿನ ಅಕ್ಷರವೂ ಬೆರಳಿನ ಅಡಿಗೆ ಬರುತ್ತಿದ್ದವು. ಅವರು ಬೆರಳನ್ನು ಓರೆ ಮಾಡಿ ನೋಡಿದರು.

"ಆ ಕಡೆ?"

ಕಲ್ಲನ್ನು ಸುತ್ತಿ ಮರಾಠಿ ಇದ್ದ ಕಡೆಗೆ ಹೋದೆವು. ಅಲ್ಲಿಯೂ ಜಾಗ ಕೇಳಿದರು, ತೋರಿಸಿದೆ. ಅಲ್ಲಿಯೂ ಬೆರಳಿಟ್ಟರು. ನಾನು ಏನಾದರೂ ಹೇಳಬೇಕೆಂದು, "ನೀವ ಬ್ಯಾಡ ಅಂದಿದ್ರೆಲ್ಲ ಆಯಿ" ಅಂದೆ.

"ಹೌದು" ಅಂದರು. "ಹೆಸರ ಬ್ಯಾಡ ಅಂದಿದ್ನಿ ಮಾಸ್ತರ. ಜಾಗಾ ಬ್ಯಾಡ ಅಂದಿದ್ದಿಲ್ಲ."

ಆಮೇಲೆ ಆ ಎರಡು ಹೆಸರುಗಳ ನಡುವೆ ಉಗುರಿನಿಂದ ಒಮ್ಮೆ ಗೀರಿದರು. ಕಲ್ಲಿನ ಮೇಲಿದ್ದ ನೀರು ಒಂದು ಕ್ಷಣ ಸರಿದು ಗೆರೆ ಕಂಡಿತು, ಮತ್ತೆ ಕೂಡಿಕೊಂಡಿತು.